ಬ್ಲೇಸ್ ಪಾಸ್ಕಲ್: ನೋವಿನ ನಡುವೆ ಒಡನಾಟ ಕಲಿತ ವಿಶ್ವಾಸಿ



ನಮ್ಮ ಮಕ್ಕಳ ವಿಜ್ಞಾನದ ಪುಸ್ತಕದಲ್ಲಿ ಒತ್ತಡವನ್ನು ಅಳೆಯುವ ಮಾನಕ್ಕೆ ಪಾಸ್ಕಲ್ ಎಂಬ ಹೆಸರಿದೆ. ಆ ಹೆಸರು ಫ್ರಾನ್ಸಿನ ಒಬ್ಬ ಕಥೋಲಿಕ ವಿಶ್ವಾಸಿಯದು. ಅವರು ತಮ್ಮ ಬಾಳಿನ ಅರ್ಧಕ್ಕಿಂತ ಹೆಚ್ಚು ಕಾಲವನ್ನು ತಲೆನೋವು, ಹೊಟ್ಟೆನೋವುಗಳ ಜತೆಯಲ್ಲೇ ಕಳೆದರು. ಜನರ ನಡುವೆ ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಪಾಠದಂತೆ ಕಲಿಯಬೇಕಾಯಿತು.

ಬ್ಲೇಸ್ ಪಾಸ್ಕಲ್ 1623ರ ಜೂನ್ 19ರಂದು ಕ್ಲೆರ್ಮಾನ್ ಪಟ್ಟಣದಲ್ಲಿ ಹುಟ್ಟಿದರು. ಮೂರು ವರ್ಷದವರಿದ್ದಾಗಲೇ ತಾಯಿ ತೀರಿಕೊಂಡರು. ತೆರಿಗೆ ಇಲಾಖೆಯ ಅಧಿಕಾರಿಯಾಗಿದ್ದ ತಂದೆ ಎತಿಯೆನ್, ಮಗನನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಓದಿಸಿದರು. ಹೀಗಾಗಿ ಸಹಪಾಠಿಗಳೊಡನೆ ಆಡಿ, ಜಗಳವಾಡಿ, ರಾಜಿಯಾಗುವ ಬಾಲ್ಯ ಅವರಿಗೆ ದೊರೆಯಲಿಲ್ಲ. ಅಕ್ಕ ಜಿಲ್ಬೆರ್ತ್, ತಂಗಿ ಜಾಕ್ಲೀನ್ ಇವರೇ ಒಡನಾಡಿಗಳು. ಹನ್ನೆರಡನೆಯ ವಯಸ್ಸಿಗೆ ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಾ ರೇಖಾಗಣಿತವನ್ನು ತಾವೇ ಕಂಡುಕೊಂಡರು. ತಂದೆಯ ತೆರಿಗೆ ಲೆಕ್ಕದ ಹೊರೆ ಇಳಿಸಲೆಂದು 19ರ ಪ್ರಾಯದಲ್ಲಿ ಕೂಡುವ, ಕಳೆಯುವ ಯಂತ್ರವೊಂದನ್ನು ಕಟ್ಟಲು ತೊಡಗಿದರು.

ಈ ದುಡಿಮೆಯ ಕಾಲದಲ್ಲೇ ಆರೋಗ್ಯ ಕೆಟ್ಟಿತು. ತಮ್ಮ 18ನೇ ವಯಸ್ಸಿನಿಂದೀಚೆಗೆ ನೋವಿಲ್ಲದ ಒಂದು ದಿನವನ್ನೂ ಕಾಣಲಿಲ್ಲವೆಂದು ಅವರು ಹೇಳುತ್ತಿದ್ದರಂತೆ. ಅಕ್ಕ ಅದನ್ನು ದಾಖಲಿಸಿದ್ದಾರೆ. 1647ರ ವೇಳೆಗೆ ತಲೆ ತಾಳಲಾರದಷ್ಟು ನೋಯುತ್ತಿತ್ತು. ಕಾಲುಗಳಲ್ಲಿ ಶಕ್ತಿ ಕುಂದಿ ಊರುಗೋಲು ಹಿಡಿದರು. ಬಿಸಿ ಮಾಡಿದ ದ್ರವವನ್ನು ತೊಟ್ಟು ತೊಟ್ಟಾಗಿ ಮಾತ್ರ ನುಂಗಲು ಆಗುತ್ತಿತ್ತು. ಕಹಿ ಔಷಧವನ್ನೂ ಹಾಗೆಯೇ ಕುಡಿಯಬೇಕು. ನೋಡುತ್ತಿದ್ದವರಿಗೇ ಅಸಹ್ಯವಾಗುತ್ತಿತ್ತು, ಅವರು ಮಾತ್ರ ಗೊಣಗಲಿಲ್ಲ. ಬುದ್ಧಿಗೆ ವಿರಾಮ ಕೊಡಿ, ಜನರೊಡನೆ ಬೆರೆಯಿರಿ ಎಂಬುದೇ ವೈದ್ಯರ ಸಲಹೆ.

ಬೆರೆಯುವುದು ಸುಲಭವಿರಲಿಲ್ಲ. ರೊಆನೇ ಪ್ರಾಂತ್ಯದ ಡ್ಯೂಕ್ ಅವರ ಗೆಳೆಯರಾಗಿದ್ದರು. ಆ ಡ್ಯೂಕರೊಡನೆ ಮಾಡಿದ ಒಂದು ಪ್ರಯಾಣದ ಬಗ್ಗೆ ಮೆರೆ ಎಂಬ ಶ್ರೀಮಂತ ಬರೆದಿದ್ದಾನೆ. ಜತೆಗಿದ್ದ ಗಣಿತಜ್ಞನಿಗೆ ಗಣಿತದ ಹೊರತು ಬೇರೇನೂ ಗೊತ್ತಿರಲಿಲ್ಲ. ಎಲ್ಲ ಮಾತಿನ ನಡುವೆಯೂ ಬಾಯಿ ಹಾಕುತ್ತಿದ್ದ, ಹೇಳಿದ್ದು ಸಂದರ್ಭಕ್ಕೆ ಹೊಂದುತ್ತಿರಲಿಲ್ಲ. ಆದರೆ ಎರಡು ಮೂರು ದಿನಗಳಲ್ಲಿ ಆತ ಮಾತು ಕಡಿಮೆ ಮಾಡಿ, ಪ್ರಶ್ನೆ ಕೇಳಿ, ಕೇಳಿದ್ದನ್ನು ಹಲಗೆಯ ಮೇಲೆ ಗುರುತು ಹಾಕಿಕೊಳ್ಳತೊಡಗಿದ. ಈತ ಪಾಸ್ಕಲ್ ಅವರೇ ಎಂದು ಬಹಳ ಮಂದಿ ವಿದ್ವಾಂಸರು ತಿಳಿಯುತ್ತಾರೆ. ಮುಂದೆ ಪಾಸ್ಕಲ್ ತಮ್ಮ ಟಿಪ್ಪಣಿಗಳಲ್ಲಿ ಎರಡು ಬಗೆಯ ಬುದ್ಧಿಯನ್ನು ವಿವರಿಸಿದರು: ನಿಯಮ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಸಾಗುವುದು ಒಂದು, ಕಂಡ ಕೂಡಲೇ ಅರಿತುಬಿಡುವ ನವಿರಾದದ್ದು ಇನ್ನೊಂದು. ಎರಡನೆಯದು ಎಲ್ಲರ ಕಣ್ಣ ಮುಂದೆಯೇ ಇದ್ದರೂ ಮೊದಲನೆಯ ಬಗೆಯವರಿಗೆ ಕಾಣುವುದಿಲ್ಲವೆಂದು ಅವರು ಕಂಡುಕೊಂಡಿದ್ದರು.

ಇದನ್ನು ಓದುವಾಗ ಆಟಿಸಂ ಇರುವ ನಮ್ಮ ಮಕ್ಕಳು, ಯುವಜನರು ನೆನಪಾಗುತ್ತಾರೆ. ಆ ಹೆಸರು ಬಳಕೆಗೆ ಬಂದದ್ದು 20ನೇ ಶತಮಾನದಲ್ಲಿ. ಸತ್ತು 360 ವರ್ಷ ದಾಟಿದವರಿಗೆ ಅದನ್ನು ಅಂಟಿಸುವುದು ನಮ್ಮ ಕೆಲಸವಲ್ಲ. ಆದರೂ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಆಡುವ ನಮಗೆ, ಇತರರಿಗೆ ಹುಟ್ಟಿನಿಂದ ಬಂದದ್ದನ್ನು ಕಿವಿಗೊಟ್ಟು ಕಲಿಯುವ ಕಷ್ಟ ಹೊಸದಲ್ಲ.

1654ರ ನವೆಂಬರ್ 23ರ ರಾತ್ರಿ, ಸುಮಾರು ಎರಡು ಗಂಟೆಗಳ ಕಾಲ, ಪಾಸ್ಕಲ್ ದೇವರ ಸಾನ್ನಿಧ್ಯವನ್ನು ಬೆಂಕಿಯಂತೆ ಅನುಭವಿಸಿದರು. ಅದನ್ನು ಬರೆದು ಅಂಗಿಯ ಒಳಪದರಕ್ಕೆ ಹೊಲಿದು, ಯಾರಿಗೂ ಹೇಳದೆ ಸಾಯುವವರೆಗೂ ಮೈಮೇಲೆ ಇಟ್ಟುಕೊಂಡರು. ತಂಗಿ ಜಾಕ್ಲೀನ್ ಕನ್ಯಾಸ್ತ್ರೀಯಾಗಿದ್ದ ಪೋರ್-ರೊಯಾಲ್ ಮಠದವರ ಪರವಾಗಿ ಅವರು ಬರೆದ ಪತ್ರಗಳನ್ನು ಧರ್ಮಸಭೆ ಒಪ್ಪಲಿಲ್ಲ. ಆದರೆ ರೋಗವನ್ನು ಸದುಪಯೋಗಪಡಿಸಿಕೊಳ್ಳುವ ಕೃಪೆ ಬೇಡಿ ಅವರು ರಚಿಸಿದ ಪ್ರಾರ್ಥನೆಯನ್ನು ಇಂದಿಗೂ ರೋಗಿಗಳು ಓದುತ್ತಾರೆ.

ಅಕ್ಕ ಜಿಲ್ಬೆರ್ತ್ ಬರೆದ ಜೀವನಚರಿತ್ರೆಯಲ್ಲಿ ನಮ್ಮ ಮನ ತಟ್ಟುವ ಮಾತೊಂದಿದೆ. ತಮ್ಮನ ಕಾಯಿಲೆಯಲ್ಲಿ ಅಕ್ಕರೆಯಿಂದ ಆರೈಕೆ ಮಾಡಿದರೂ ಆತ ತಣ್ಣಗೆ ವರ್ತಿಸುತ್ತಿದ್ದ. ತನ್ನ ಮೇಲೆ ಪ್ರೀತಿಯೇ ಇಲ್ಲವೆಂದು ನೊಂದು ಆಕೆ ಜಾಕ್ಲೀನಳಲ್ಲಿ ಹೇಳಿಕೊಂಡರು. ಆದರೆ ತನಗೆ ನೆರವು ಬೇಕಾದಾಗಲೆಲ್ಲ ತಮ್ಮ ಎಷ್ಟು ಕಾಳಜಿಯಿಂದ ಓಡಿಬರುತ್ತಿದ್ದನೆಂದರೆ, ಆ ಅನುಮಾನ ನಿಲ್ಲುತ್ತಿರಲಿಲ್ಲ. ಪ್ರೀತಿ ಇತ್ತು, ಅದು ಮುಖದ ಮೇಲೆ ಕಾಣುತ್ತಿರಲಿಲ್ಲ, ಅಷ್ಟೆ.

ಆ ಪ್ರೀತಿ ಬಡವರಿಗೂ ಹರಿಯಿತು. 1662ರಲ್ಲಿ ಪ್ಯಾರಿಸಿನ ಬೀದಿಗಳಲ್ಲಿ ಐದು ಸೂ ದರದ ಸಾರಿಗೆ ಬಂಡಿಗಳನ್ನು ಗೆಳೆಯರೊಡನೆ ಓಡಿಸಿದರು. ಬ್ಲುವಾ ಕಡೆಯ ಬಡವರಿಗೆ ನೆರವಾಗಲು ತಮ್ಮ ಪಾಲಿನ ಹಣವನ್ನು ಮುಂಗಡವಾಗಿ ಕೇಳಿದರು. ಆ ಬೇಸಿಗೆಯಲ್ಲಿ, ತಾವು ಆಶ್ರಯ ಕೊಟ್ಟಿದ್ದ ಬಡ ಕುಟುಂಬದ ಮಗುವಿಗೆ ಸಿಡುಬು ಬಂತು. ಮಗುವನ್ನು ಸಾಗಿಸುವುದು ಅಪಾಯವೆಂದು, ತೀರಾ ಬಳಲಿದ್ದ ಅವರೇ ಮನೆ ಬಿಟ್ಟು ಅಕ್ಕನಲ್ಲಿಗೆ ಹೋದರು. ಬಡವರ ಆಸ್ಪತ್ರೆಯಲ್ಲಿ ಬಡವರ ನಡುವೆ ಸಾಯಬೇಕೆಂಬ ಆಸೆ ಕೈಗೂಡಲಿಲ್ಲ. ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಆಗಸ್ಟ್ 19ರಂದು 39ನೇ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಅವರ 400ನೇ ಜನ್ಮದಿನದಂದು, 2023ರಲ್ಲಿ, ಪೋಪ್ ಫ್ರಾನ್ಸಿಸ್ ಪ್ರೇಷಿತ ಪತ್ರವೊಂದನ್ನು ಬರೆದು ಅವರನ್ನು ಸ್ಮರಿಸಿದರು.

ನಮ್ಮ ಧರ್ಮಕೇಂದ್ರದಲ್ಲೂ ಧ್ವನಿವರ್ಧಕದ ಸದ್ದಿಗೆ ತಲೆ ಹಿಡಿದುಕೊಂಡು ಹೊರನಡೆಯುವವರಿದ್ದಾರೆ. ಶಾಂತಿಯ ಶುಭಾಶಯ ಹೇಳುವಾಗ ಕಣ್ಣೆತ್ತಿ ನೋಡದ ಹುಡುಗರಿದ್ದಾರೆ. ಅವರಿಗೆ ಭಕ್ತಿಯಿಲ್ಲ, ಮರ್ಯಾದೆಯಿಲ್ಲ ಎಂದು ಬೇಗ ತೀರ್ಮಾನಿಸುವುದು ಬೇಡ. ಬಾಗಿಲ ಬಳಿ ಒಂದು ಬೆಂಚು ಅವರಿಗಾಗಿ ಇರಲಿ, ಧ್ವನಿ ಸ್ವಲ್ಪ ತಗ್ಗಲಿ. ಅವರು ನಮ್ಮ ರೀತಿ ಕಲಿಯಲು ಪಡುವ ಶ್ರಮದ ಅರ್ಧದಷ್ಟನ್ನಾದರೂ ಅವರನ್ನು ಅರಿಯಲು ನಾವು ಪಡೋಣ. ಹೃದಯಗಳನ್ನು ಬಲ್ಲ ಪ್ರಭು ನಮಗೆ ಆ ಕಣ್ಣು ಕೊಡಲಿ.