ಲೂಥರ್ ಬರ್ಬ್ಯಾಂಕ್

ಆಲೂಗೆಡ್ಡೆಯ ಬೆಳೆಯಿಡುವ ರೈತನು ಸಾಮಾನ್ಯವಾಗಿ ಬೀಜವನ್ನು ಬಿತ್ತುವುದಿಲ್ಲ. ಗೆಡ್ಡೆಯನ್ನೇ ಇಡಿಯಾಗಿಯೋ ಕಣ್ಣುಗಳಿರುವಂತೆ ಹೋಳುಮಾಡಿಯೋ ನೆಲದಲ್ಲಿ ನೆಡುತ್ತಾನೆ. ಗೆಡ್ಡೆಯೆಂಬುದು ನೆಲದೊಳಗೆ ಉಬ್ಬಿದ ಕಾಂಡವೇ ಹೊರತು ಬೇರೂ ಅಲ್ಲ, ಕಾಯಿಯೂ ಅಲ್ಲ. ಆದುದರಿಂದ ಅದರಿಂದ ಚಿಗುರುವ ಗಿಡವು ತಾಯಿಗಿಡದ ಗುಣಗಳನ್ನೇ ಹೊತ್ತಿರುತ್ತದೆ. ಹಾಗಾದರೆ ಈ ಗಿಡಕ್ಕೆ ಹಣ್ಣೂ ಬೀಜವೂ ಇಲ್ಲವೇ? ಉಂಟು. ಬದನೆ, ಟೊಮೇಟೊಗಳ ಕುಟುಂಬಕ್ಕೆ ಸೇರಿದ ಈ ಗಿಡವು ಬಿಳಿಯ ಇಲ್ಲವೆ ನೇರಳೆ ಬಣ್ಣದ ಹೂಗಳನ್ನು ಬಿಡುತ್ತದೆ. ಹವೆ ತಂಪಾಗಿದ್ದು ಪರಾಗಸ್ಪರ್ಶವು ಸರಿಯಾಗಿ ನಡೆದರೆ, ಪುಟ್ಟ ಟೊಮೇಟೊವನ್ನು ಹೋಲುವ ಹಸಿರು ಕಾಯಿ ಕಟ್ಟುತ್ತದೆ. ಅದು ವಿಷಯುಕ್ತವಾದುದರಿಂದ ತಿನ್ನಲಾಗದು. ಆದರೆ ಅದರೊಳಗಿನ ಸಣ್ಣ ಬೀಜಗಳಲ್ಲಿ ಒಂದೊಂದೂ ಬೇರೆ ಬೇರೆ ಗುಣಗಳ ಗಿಡವಾಗಬಲ್ಲುದು. ಅನೇಕ ತಳಿಗಳಲ್ಲಿ ಹೂಗಳು ಕಾಯಿ ಕಟ್ಟದೆಯೇ ಉದುರುವುದರಿಂದ ಈ ಕಾಯಿಯನ್ನು ಕಂಡವರು ಕಡಮೆ. ಕಂಡರೂ ಜೋಪಾನಮಾಡಿ ಬಿತ್ತಿದವರು ಇನ್ನೂ ಕಡಮೆ. ಹಾಗೆ ಬಿತ್ತಿದವರಲ್ಲಿ ಒಬ್ಬನು ಅಮೆರಿಕದ ಲೂಥರ್ ಬರ್ಬ್ಯಾಂಕ್.

ಅವನು 1849ನೆಯ ಇಸವಿ ಮಾರ್ಚ್ 7ರಂದು ಮೆಸಾಚೂಸೆಟ್ಸ್ ಸಂಸ್ಥಾನದ ಲ್ಯಾಂಕಸ್ಟರ್ ಎಂಬಲ್ಲಿ ಜನಿಸಿದನು. ತಂದೆ ಬೇಸಾಯಗಾರ, ಇಟ್ಟಿಗೆ ಸುಡುವ ಕೆಲಸವೂ ಅವನಿಗಿತ್ತು. ಮಕ್ಕಳು ಬಹಳವಿದ್ದ ದೊಡ್ಡ ಸಂಸಾರ. ಲೂಥರನಿಗೆ ದೊರೆತ ಶಾಲೆಯ ಓದು ಹೆಚ್ಚಿನದಲ್ಲ. ಆದರೆ ಜೀವಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಾಣಬರುವ ವ್ಯತ್ಯಾಸಗಳನ್ನು ಕುರಿತು ಡಾರ್ವಿನ್ ಬರೆದಿದ್ದ ಗ್ರಂಥವು ತಾರುಣ್ಯದಲ್ಲಿ ಅವನ ಕೈಸೇರಿತು. ಅದು ಅವನ ಬಾಳಿನ ದಾರಿಯನ್ನೇ ತಿರುಗಿಸಿತು. ತಂದೆ ತೀರಿಕೊಂಡ ಮೇಲೆ ತನ್ನ ಪಾಲಿಗೆ ಬಂದ ಹಣದಿಂದ ಅವನು ಲೂನನ್‌ಬರ್ಗ್ ಎಂಬಲ್ಲಿ 17 ಎಕರೆ ಭೂಮಿಯನ್ನು ಕೊಂಡು ತರಕಾರಿ ಬೆಳೆಯತೊಡಗಿದನು.

ಆ ಕಾಲದಲ್ಲಿ ಆಲೂಗೆಡ್ಡೆಯೆಂದರೆ ರೈತನಿಗೆ ಆಸೆಯೂ ಹೌದು, ಅಂಜಿಕೆಯೂ ಹೌದು. 1845ರಿಂದ ಕೆಲವು ವರ್ಷಗಳ ಕಾಲ ಐರ್ಲೆಂಡಿನಲ್ಲಿ ಅಂಗಮಾರಿ ರೋಗವು ಬೆಳೆಯನ್ನು ನಾಶಮಾಡಿ, ಹಸಿವಿನಿಂದಲೂ ರೋಗರುಜಿನಗಳಿಂದಲೂ ಸುಮಾರು 10 ಲಕ್ಷ ಜನ ಮಡಿದಿದ್ದರು. ಒಂದೇ ಬಗೆಯ ಗೆಡ್ಡೆಯನ್ನು ಮತ್ತೆ ಮತ್ತೆ ನೆಟ್ಟಾಗ, ಒಂದು ಗಿಡವನ್ನು ಕೊಲ್ಲುವ ರೋಗವು ಇಡೀ ಹೊಲವನ್ನೇ ಕೊಲ್ಲಬಲ್ಲುದು. ಹೊಸ ತಳಿ ಬೇಕಾದರೆ ಬೀಜದಿಂದಲೇ ಹುಟ್ಟಬೇಕು.

ಸುಮಾರು 1872ರಲ್ಲಿ ತಾಯಿಯ ತೋಟದಲ್ಲಿ ಬೆಳೆದಿದ್ದ ‘ಅರ್ಲಿ ರೋಸ್’ ತಳಿಯ ಗಿಡವೊಂದರಲ್ಲಿ ಬರ್ಬ್ಯಾಂಕನು ಒಂದೇ ಒಂದು ಕಾಯಿಯನ್ನು ಕಂಡನು. ಈ ತಳಿಯು ಕಾಯಿ ಬಿಡುವುದು ಬಹಳ ಅಪೂರ್ವ. ಅದು ಬಲಿಯಲೆಂದು ಅವನು ಪ್ರತಿದಿನವೂ ಹೋಗಿ ನೋಡಿ ಬರುತ್ತಿದ್ದನು. ಒಂದು ದಿನ ನೋಡಲಾಗಿ ಕಾಯಿ ಮಾಯವಾಗಿತ್ತು! ಹಕ್ಕಿಯೋ ನಾಯಿಯೋ ತಗುಲಿ ಅದು ಕಳಚಿಬಿದ್ದಿರಬೇಕು. ಅವನು ಸುತ್ತಲಿನ ನೆಲವನ್ನು ಬಿಡದೆ ತಡಕಿ, ಗಿಡದಿಂದ ಕೆಲವು ಅಡಿಗಳಾಚೆ ಅದನ್ನು ಕಂಡುಹಿಡಿದನು. ಒಡೆದಾಗ ಅದರೊಳಗೆ 23 ಬೀಜಗಳಿದ್ದವು.

ಮುಂದಿನ ವಸಂತದಲ್ಲಿ ಅವನು ಅವುಗಳನ್ನು ಬಿತ್ತಲು 23 ಗಿಡಗಳೂ ಮೇಲೆದ್ದವು. ಅಗೆದು ನೋಡಿದಾಗ ಒಂದರ ಗೆಡ್ಡೆಯಂತೆ ಇನ್ನೊಂದರದು ಇರಲಿಲ್ಲ. ಹೆಚ್ಚಿನವು ಪ್ರಯೋಜನಕ್ಕೆ ಬಾರದವು. ಎರಡು ಮಾತ್ರ ಒಳ್ಳೆಯವು. ಅವೆರಡರಲ್ಲಿಯೂ ಮೇಲಾದುದು ನೀಳವಾದ, ನುಣುಪು ಸಿಪ್ಪೆಯ ಬಿಳಿ ಗೆಡ್ಡೆಗಳನ್ನು ಹೇರಳವಾಗಿ ಕೊಟ್ಟಿತು. ಅದನ್ನು ಅವನು ಮಾರ್ಬಲ್‌ಹೆಡ್ ಊರಿನ ಬೀಜದ ವರ್ತಕ ಜೇಮ್ಸ್ ಗ್ರೆಗರಿಗೆ ಮಾರಲು ಮುಂದಾದನು. ಕೇಳಿದುದು 500 ಡಾಲರು, ದೊರೆತುದು 150. ವರ್ತಕನು ಉದಾರತೆಯಿಂದ ಆ ತಳಿಗೆ ಬರ್ಬ್ಯಾಂಕನ ಹೆಸರನ್ನೇ ಇಟ್ಟನು. ಅವನ ಬಳಕೆಗೆ 10 ಗೆಡ್ಡೆಗಳನ್ನೂ ಬಿಟ್ಟುಕೊಟ್ಟನು. ಆ ಹತ್ತು ಗೆಡ್ಡೆಗಳೊಡನೆ 1875ರಲ್ಲಿ ಬರ್ಬ್ಯಾಂಕನು ಕ್ಯಾಲಿಫೋರ್ನಿಯದ ಸ್ಯಾಂಟ ರೋಸ ಪಟ್ಟಣವನ್ನು ಸೇರಿದನು.

ಅಲ್ಲಿ ಮೊದಲ ದಿನಗಳು ಕಷ್ಟದವು. ಕೂಲಿಯಿಂದ ಹೊಟ್ಟೆ ಹೊರೆದುಕೊಂಡು, ಕ್ರಮೇಣ ಅವನು ಸ್ವಂತ ಸಸ್ಯಾಗಾರವನ್ನು ಕಟ್ಟಿದನು. 1881ರಲ್ಲಿ ಬೇಡಿಕೆಯೊಂದು ಬಂದಿತು: ಒಂದೇ ಋತುವಿನಲ್ಲಿ 20,000 ಪ್ರೂನ್ ಸಸಿಗಳು ಬೇಕು. ಅದು ಆಗದ ಮಾತೆಂಬುದು ಅನುಭವಿಗಳ ಎಣಿಕೆ. ಬರ್ಬ್ಯಾಂಕನು ಬೇಗ ಮೊಳೆಯುವ ಬಾದಾಮಿಯ ಬೀಜಗಳನ್ನು ಬಿತ್ತಿ, ಎದ್ದ ಸಸಿಗಳಿಗೆ ಪ್ರೂನಿನ ಕಣ್ಣುಗಳನ್ನು ಕಸಿಮಾಡಿ, ಹೆಚ್ಚುಕಡಮೆ ಅಷ್ಟು ಸಸಿಗಳನ್ನೂ ಆ ವರ್ಷವೇ ಒದಗಿಸಿದನು. ಮುಂದೆ ಸ್ಯಾಂಟ ರೋಸ ಪ್ಲಮ್, ಶಾಸ್ತ ಡೇಸಿ ಹೂ, ಮುಳ್ಳಿಲ್ಲದ ಪಾಪಸುಕಳ್ಳಿ ಮೊದಲಾಗಿ ಅವನ ತೋಟಗಳಿಂದ ಹೊರಬಂದ ಹೊಸ ತಳಿಗಳು 800ಕ್ಕೂ ಮಿಕ್ಕವು. ಸಾವಿರಾರು ಸಸಿಗಳನ್ನು ಬೆಳೆಸಿ, ಒಂದೆರಡನ್ನು ಉಳಿಸಿಕೊಂಡು, ಮಿಕ್ಕವನ್ನು ಸುಟ್ಟುಬಿಡುವುದು ಅವನ ಕ್ರಮವಾಗಿತ್ತು.

ಪತ್ರಿಕೆಗಳು ಅವನನ್ನು ಮಾಂತ್ರಿಕನೆಂದು ಕೊಂಡಾಡಿದವು. ಈ ಹೊಗಳಿಕೆಯಿಂದ ಅವನಿಗೆ ಒಳಿತಾಯಿತೆಂದು ಹೇಳಲಾಗದು. ಕಾರ್ನೆಗಿ ಸಂಸ್ಥೆಯು 1905ರಿಂದ ವರ್ಷಕ್ಕೆ 10,000 ಡಾಲರುಗಳ ನೆರವನ್ನು ನೀಡಿತು. ಆದರೆ ಯಾವ ಗಿಡವನ್ನು ಯಾವುದರೊಡನೆ ಕೂಡಿಸಿದನೆಂಬುದಕ್ಕೆ ಕ್ರಮವಾದ ದಾಖಲೆಗಳು ಸಿಗದೆ, ಕೆಲವೇ ವರ್ಷಗಳಲ್ಲಿ ನೆರವು ನಿಂತಿತು. ವಿಜ್ಞಾನಿಗಳ ಆಕ್ಷೇಪಣೆಯಲ್ಲಿ ನ್ಯಾಯವಿತ್ತು. ಅವನ ಕಣ್ಣು ಕಂಡುದನ್ನು ಇನ್ನೊಬ್ಬನು ಮತ್ತೆ ಮಾಡಿನೋಡುವ ದಾರಿ ಉಳಿಯಲಿಲ್ಲ.

ಆದರೂ ಆ ಗೆಡ್ಡೆ ಉಳಿಯಿತು. ಕೆಲವು ದಶಕಗಳೊಳಗೆ ಅದರಲ್ಲಿ ಒರಟಾದ ಕಂದು ಸಿಪ್ಪೆಯ ಪ್ರಭೇದವೊಂದು ತಾನಾಗಿ ತಲೆದೋರಿತು. ‘ರಸೆಟ್ ಬರ್ಬ್ಯಾಂಕ್’ ಎಂಬ ಆ ತಳಿಯನ್ನು ಉತ್ತರ ಅಮೆರಿಕದಲ್ಲಿ ಇಂದಿಗೂ ಅಪಾರವಾಗಿ ಬೆಳೆಯುತ್ತಾರೆ. ವಿಚಿತ್ರವೆಂದರೆ, ಕಾಯಿಯಿಂದ ಹುಟ್ಟಿಬಂದ ಈ ವಂಶವು ತಾನು ಕಾಯಿ ಬಿಡುವುದೇ ವಿರಳ.

ಬರ್ಬ್ಯಾಂಕನು 1926ರ ಏಪ್ರಿಲ್ 11ರಂದು ತೀರಿಕೊಂಡನು. ಸ್ಯಾಂಟ ರೋಸದ ಅವನ ಮನೆಯ ಅಂಗಳದಲ್ಲಿಯೇ, ಒಂದು ದೇವದಾರು ಮರದ ಅಡಿಯಲ್ಲಿ, ಅವನನ್ನು ಮಣ್ಣುಮಾಡಿದರು. ಹೊಸ ಸಸ್ಯವನ್ನು ರೂಪಿಸಿದವನಿಗೆ ಅದರ ಮೇಲೆ ಹಕ್ಕನ್ನು ಕೊಡುವ ಕಾನೂನು ಅಮೆರಿಕದಲ್ಲಿ ಬಂದುದು 1930ರಲ್ಲಿ. ಅವನ ಕೆಲವು ಹಣ್ಣುಹೂಗಳಿಗೆ ಮರಣಾನಂತರ ಆ ಹಕ್ಕು ದೊರೆಯಿತು. ಗೆಡ್ಡೆಯಿಂದ ಬೆಳೆಸುವ ಸಸ್ಯಗಳನ್ನು ಮಾತ್ರ ಆ ಕಾನೂನು ಹೊರಗಿಟ್ಟಿತ್ತು.