ಸುರಪುರದ ಟೇಲರ್ ಸಾಹೇಬರು

ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಅನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಕಳೆದ ರಜೆಯಲ್ಲಿ ಅಬ್ಬಾ ಜೊತೆ ಹೋಗಿ ನಾನೂ ನೋಡಿದೆ. ಅದನ್ನು ಕಟ್ಟಿಸಿದವರ ಬಗ್ಗೆ ಆಮೇಲೆ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದರು. ನಮಗಿಂತ ಚಿಕ್ಕ ವಯಸ್ಸಿನಲ್ಲೇ, 1824ರಲ್ಲಿ, ಮುಂಬಯಿಯ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಬಂದರು. ಅದು ಕೈಗೂಡಲಿಲ್ಲ. ಹೈದರಾಬಾದ್ ನಿಜಾಮರ ಸೈನ್ಯ ಸೇರಿದರು.

1840ರ ದಶಕದ ಆರಂಭದಲ್ಲಿ ಅವರನ್ನು ಸುರಪುರಕ್ಕೆ ಕಳಿಸಿದರು. ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು, ಮಗ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಅಧಿಕಾರಕ್ಕಾಗಿ ರಾಣಿ ಈಶ್ವರಮ್ಮನವರಿಗೂ ರಾಜರ ತಮ್ಮ ಪಿಡ್ಡನಾಯಕರಿಗೂ ಜಗಳ. ಮೇಲೆ ಸಾಲ, ನಿಜಾಮರಿಗೆ ಕೊಡಬೇಕಾದ ಕಪ್ಪದ ಬಾಕಿ. ಯುದ್ಧದಿಂದ ಹಾಳಾದ ದೇಶಕ್ಕೆ ಇವತ್ತು ಹೊರಗಿನವರು ನೆರವಿಗೆ ಹೋದರೆ ಮೊದಲು ಏನು ಮಾಡುತ್ತಾರೋ ಟೇಲರ್ ಇಲ್ಲಿ ಅದನ್ನೇ ಮಾಡಿದರು: ಜಗಳ ತಣಿಸಿದರು, ಲೆಕ್ಕ ಸರಿಪಡಿಸಿದರು, ಜಮೀನು ಅಳೆಸಿದರು. ಹಳೆಯ ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದರು. ಸರ್ವೆ, ಇಂಜಿನಿಯರಿಂಗ್ ಎಲ್ಲ ಅವರು ಯಾವ ಕಾಲೇಜಿಗೂ ಹೋಗದೆ ಸ್ವಂತ ಕಲಿತದ್ದು! ಬಿಡುವಿದ್ದಾಗ ನಮ್ಮ ಸೀಮೆಯ ಹಳೆಯ ಕಲ್ಲುಗೋರಿಗಳನ್ನು ಅಗೆಸಿ ನೋಡಿ, ಚಿತ್ರ ಬರೆದು ದಾಖಲಿಸಿದರು.

ಹುಡುಗ ರಾಜ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದನಂತೆ. ಆದರೆ ಈ ಅಪ್ಪನಿಗೆ ಮೇಲೆ ಯಜಮಾನರಿದ್ದರು. ಕೆರೆಯ ನೀರು ರೈತನಿಗೆ ಬಂತು ನಿಜ, ಕೊನೆಯ ಮಾತು ಮಾತ್ರ ರೆಸಿಡೆಂಟರದೇ ಆಗಿತ್ತು. ನೆರವಿನಲ್ಲಿ ನನಗೆ ಒಪ್ಪಿಗೆಯಾಗದ್ದು ಇದೊಂದೇ.

1853ರಲ್ಲಿ ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕರಿಗೆ ಆಡಳಿತ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದರು. ಐದು ವರ್ಷಕ್ಕೆ, 1858ರ ಫೆಬ್ರವರಿಯಲ್ಲಿ, ರಾಜರು ಬ್ರಿಟಿಷರ ವಿರುದ್ಧ ಕತ್ತಿ ಹಿಡಿದರು. ಸೋತು ಹೈದರಾಬಾದಿನಲ್ಲಿ ಸಿಕ್ಕಿಬಿದ್ದರು. ಟೇಲರ್ ಸೆರೆಮನೆಗೆ ಹೋಗಿ ಅವರನ್ನು ಕಂಡರು. ತಾನು ಎತ್ತಿ ಬೆಳೆಸಿದ ಹುಡುಗನನ್ನು ಸಂಕೋಲೆಯಲ್ಲಿ ನೋಡಿ ಅವರಿಗೆ ಹೇಗಾಗಿರಬೇಕು? ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಆದರೆ ಸಾಗಿಸುವಾಗ ದಾರಿಯಲ್ಲೇ ರಾಜರು ಗುಂಡೇಟಿನಿಂದ ತೀರಿಕೊಂಡರು. ಸಂಸ್ಥಾನ ನಿಜಾಮರ ಪಾಲಾಯಿತು.

ಟೇಲರ್ 1860ರಲ್ಲಿ ಆರೋಗ್ಯ ಕೆಟ್ಟು ಊರಿಗೆ ಮರಳಿದರು. ಮುದಿವಯಸ್ಸಿನಲ್ಲಿ ಮತ್ತೊಮ್ಮೆ ಭಾರತಕ್ಕೆ ಬಂದು, ಹಿಂತಿರುಗುವ ದಾರಿಯಲ್ಲಿ, 1876ರಲ್ಲಿ, ಫ್ರಾನ್ಸಿನ ಮೆಂಟನ್‌ನಲ್ಲಿ ಕೊನೆಯುಸಿರೆಳೆದರು.

ಅವತ್ತು ವಾಪಸ್ ಬರುವಾಗ ಅಬ್ಬಾ ಬೋನಾಳ ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿದರು. ನೀರಿನ ತುಂಬ ಹಕ್ಕಿಗಳಿದ್ದವು.