ಮೈಕೆಲ್ ಫ್ಯಾರಡೆ: ನಂಬಿಕೆಯೂ ವೃತ್ತಿಯೂ

ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಬಂದಾಗ ಮೈಕೆಲ್ ಫ್ಯಾರಡೆಯವರ ಹೆಸರು ಬಂದೇ ಬರುತ್ತದೆ. ತಂತಿಸುರುಳಿ, ಅಯಸ್ಕಾಂತ, ಗ್ಯಾಲ್ವನೋಮೀಟರ್ ಇವುಗಳೊಂದಿಗೆ ಪರಿಚಯ ಮುಗಿದುಬಿಡುತ್ತದೆ. ಅವರು ಬೋಧನೆಯನ್ನು ಶ್ರಮಪಟ್ಟು ಕಲಿತವರು, ಒಂದು ಪುಟ್ಟ ಕ್ರೈಸ್ತ ಸಭೆಯ ನಿಷ್ಠಾವಂತ ಸದಸ್ಯರು ಎಂಬುದನ್ನು ಪಠ್ಯ ಹೇಳುವುದಿಲ್ಲ. ಶಿಕ್ಷಕರಾಗಲು ಹೊರಟವರಿಗೆ ಈ ಎರಡು ಸಂಗತಿಗಳೂ ಮುಖ್ಯ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಅಂಚಿನ ನ್ಯೂಯಿಂಗ್ಟನ್ ಬಟ್ಸ್‌ನಲ್ಲಿ. ತಂದೆ ಕಮ್ಮಾರ. ಬಡತನದಿಂದಾಗಿ ಶಾಲೆಯಲ್ಲಿ ಸಿಕ್ಕಿದ್ದು ಓದು, ಬರಹ, ಲೆಕ್ಕ ಅಷ್ಟೆ. ಕುಟುಂಬ ಸ್ಯಾಂಡೆಮೇನಿಯನ್ ಎಂಬ ಪಂಗಡಕ್ಕೆ ಸೇರಿತ್ತು. ಸ್ಕಾಟ್ಲೆಂಡಿನ ಅಧಿಕೃತ ಚರ್ಚಿನಿಂದ ಬೇರೆಯಾದ ಈ ಪಂಗಡದಲ್ಲಿ ಸಂಬಳದ ಪಾದ್ರಿಗಳಿರಲಿಲ್ಲ. ಸದಸ್ಯರಲ್ಲೇ ಕೆಲವರನ್ನು ಹಿರಿಯರೆಂದು ಆರಿಸುತ್ತಿದ್ದರು. ಸಂಪತ್ತು ಕೂಡಿಡುವುದು ತಪ್ಪು, ಕಷ್ಟದಲ್ಲಿರುವವರಿಗೆ ನೆರವಾಗುವುದು ಕರ್ತವ್ಯ ಎಂಬುದು ಅವರ ನಡೆ.

ಹದಿನಾಲ್ಕನೆಯ ವಯಸ್ಸಿನಲ್ಲಿ ಹುಡುಗ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿದ. ಕಟ್ಟಲು ಬಂದ ಪುಸ್ತಕಗಳನ್ನು ಓದಿಯೇ ವಿಜ್ಞಾನ ಕಲಿತ. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸ ಕೇಳಿ, ಟಿಪ್ಪಣಿಗಳನ್ನು ಸ್ವತಃ ರಟ್ಟು ಕಟ್ಟಿ ಅವರಿಗೇ ಕಳಿಸಿದ. 1813ರ ಮಾರ್ಚಿನಲ್ಲಿ ಅಲ್ಲಿಯೇ ಸಹಾಯಕನ ಕೆಲಸ ಸಿಕ್ಕಿತು. ಸಂಬಳ ವಾರಕ್ಕೆ 25 ಶಿಲಿಂಗ್, ಇರಲು ಎರಡು ಕೋಣೆ.

ಆ ವರ್ಷವೇ ಗೆಳೆಯ ಬೆಂಜಮಿನ್ ಅಬಟ್‌ಗೆ ಬರೆದ ಪತ್ರಗಳಲ್ಲಿ ಫ್ಯಾರಡೆ ಉಪನ್ಯಾಸ ಕಲೆಯನ್ನೇ ಪರಿಶೀಲಿಸಿದ್ದಾರೆ. ಸಭಾಂಗಣದ ಗಾಳಿ ಬೆಳಕು, ಉಪಕರಣಗಳನ್ನಿಡುವ ಬಗೆ, ಮಾತಿನ ವೇಗ, ಪಾಠದ ಅವಧಿ ಎಲ್ಲವೂ ಅಲ್ಲಿವೆ. ಇಂದಿನ ಪಾಠ ವೀಕ್ಷಣಾ ನಮೂನೆಯ ಅಂಶಗಳು ಬಹುಪಾಲು ಇವೇ. ಮುಂದೆ ವಾಚನ ಕಲೆಯ ಶಿಕ್ಷಕರಲ್ಲಿ ಪಾಠವನ್ನೂ ಹೇಳಿಸಿಕೊಂಡರು. ಮಾತು ಓಡತೊಡಗಿದರೆ ನಿಧಾನ ಎಂದು ಬರೆದ ಚೀಟಿಯನ್ನೂ, ಅವಧಿ ಮುಗಿಯುತ್ತ ಬಂದರೆ ಸಮಯ ಎಂದು ಬರೆದ ಚೀಟಿಯನ್ನೂ ತಮ್ಮೆದುರು ಇಡುವಂತೆ ಸಹಾಯಕರಿಗೆ ಹೇಳಿದ್ದರು. ಎಷ್ಟೇ ಹೆಸರು ಬಂದರೂ ತಿದ್ದಿಸಿಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ.

1821ರಲ್ಲಿ ಅದೇ ಪಂಗಡದ ಸಾರಾ ಬರ್ನಾರ್ಡ್ ಅವರನ್ನು ಮದುವೆಯಾದರು. ಸುಮಾರು ಒಂದು ತಿಂಗಳ ನಂತರ ಸಭೆಯ ಮುಂದೆ ತಮ್ಮ ವಿಶ್ವಾಸವನ್ನು ಅರಿಕೆ ಮಾಡಿ ಪೂರ್ಣ ಸದಸ್ಯರಾದರು. 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ ಪತ್ತೆಯಾಯಿತು. ಆ ಹೊತ್ತಿಗೆ ಉದ್ಯಮಗಳಿಗೆ ರಾಸಾಯನಿಕ ವಿಶ್ಲೇಷಣೆ ಮಾಡಿಕೊಟ್ಟು ಅವರು ಒಳ್ಳೆಯ ಹಣ ಗಳಿಸುತ್ತಿದ್ದರು. ಅದನ್ನು ಬಹುಮಟ್ಟಿಗೆ ಕೈಬಿಟ್ಟು ಸಂಶೋಧನೆಗೆ ನಿಂತರು. ಮುಂದೆ ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಬಂದಾಗಲೂ ಒಪ್ಪಲಿಲ್ಲ.

ಪ್ರಕೃತಿಯ ಶಕ್ತಿಗಳೆಲ್ಲ ಒಂದಕ್ಕೊಂದು ಸಂಬಂಧಪಟ್ಟಿವೆ ಎಂದು ಫ್ಯಾರಡೆ ಗಾಢವಾಗಿ ನಂಬಿದ್ದರು. ಸೃಷ್ಟಿಕರ್ತನೊಬ್ಬನೇ ಎಂಬ ಅವರ ವಿಶ್ವಾಸಕ್ಕೆ ಇದು ಹೊಂದುತ್ತಿತ್ತು. ಆದ್ದರಿಂದ ಗುರುತ್ವಕ್ಕೂ ವಿದ್ಯುತ್ತಿಗೂ ನಂಟು ಹುಡುಕಿ ಪ್ರಯೋಗ ಮಾಡಿದರು. ಅದು ಸಿಗಲಿಲ್ಲ. ಸಿಗಲಿಲ್ಲವೆಂಬುದನ್ನೇ ಬರೆದು ಪ್ರಕಟಿಸಿದರು. ನಂಬಿಕೆ ಅವರಿಗೆ ಪ್ರಶ್ನೆಯನ್ನು ಕೊಟ್ಟಿತು. ಉತ್ತರವನ್ನು ಪ್ರಯೋಗವೇ ಕೊಡಬೇಕಿತ್ತು. ಅವರ ಪ್ರಯೋಗ ದಿನಚರಿಯಲ್ಲಿ ಕ್ರಮಸಂಖ್ಯೆ ಹಾಕಿದ ಸಾವಿರಾರು ಟಿಪ್ಪಣಿಗಳಿದ್ದು, ಕೈಗೂಡದ ಪ್ರಯತ್ನಗಳಿಗೂ ಅಲ್ಲಿ ಜಾಗವಿದೆ.

1840ರಲ್ಲಿ ಸಭೆ ಅವರನ್ನು ಹಿರಿಯರನ್ನಾಗಿ ಆರಿಸಿತು. ಭಾನುವಾರದ ಪ್ರವಚನ, ರೋಗಿಗಳ ಮತ್ತು ಬಡವರ ಭೇಟಿ ಅವರ ಪಾಲಿಗೆ ಬಂದವು. 1844ರಲ್ಲಿ ಸಭೆಯ ಶಿಸ್ತಿನ ವಿವಾದವೊಂದರಲ್ಲಿ ಹಲವರೊಂದಿಗೆ ಅವರನ್ನೂ ಹೊರಗಿಡಲಾಯಿತು. ಕೆಲವು ವಾರಗಳ ನಂತರ ಮತ್ತೆ ಸೇರಿಸಿಕೊಂಡರೂ ಹಿರಿಯರ ಸ್ಥಾನ ಹೋಯಿತು. ಯೂರೋಪೆಲ್ಲ ಗೌರವಿಸುತ್ತಿದ್ದ ವಿಜ್ಞಾನಿ ಆ ಪುಟ್ಟ ಸಭೆಯ ತೀರ್ಮಾನಕ್ಕೆ ತಲೆಬಾಗಿ ಸಾಮಾನ್ಯ ಸದಸ್ಯರಾಗಿ ಉಳಿದರು. 1860ರಲ್ಲಿ ಮತ್ತೆ ಹಿರಿಯರಾದರು.

ಇಷ್ಟು ನಿಷ್ಠೆಯಿದ್ದರೂ ಉಪನ್ಯಾಸದ ಮೇಜನ್ನು ಅವರು ಮತಪ್ರಚಾರದ ವೇದಿಕೆ ಮಾಡಿಕೊಳ್ಳಲಿಲ್ಲ. 1854ರಲ್ಲಿ ಮನಸ್ಸಿನ ಶಿಕ್ಷಣದ ಬಗ್ಗೆ ಮಾತಾಡುವಾಗ, ತಮ್ಮ ಧಾರ್ಮಿಕ ವಿಶ್ವಾಸ ಬೇರೆ, ಲೌಕಿಕ ವಿಚಾರಗಳ ತರ್ಕ ಬೇರೆ ಎಂದು ಮೊದಲೇ ಸ್ಪಷ್ಟಪಡಿಸಿದರು. ಹಿಂದಿನ ವರ್ಷ, ಮೇಜು ತಾನಾಗಿ ತಿರುಗುತ್ತದೆ ಎಂಬ ಜನಪ್ರಿಯ ನಂಬಿಕೆಯನ್ನು ಉಪಕರಣ ಕಟ್ಟಿ ಪರೀಕ್ಷಿಸಿ, ಕುಳಿತವರ ಕೈಗಳೇ ಅರಿವಿಲ್ಲದೆ ಅದನ್ನು ತಳ್ಳುತ್ತವೆ ಎಂದು ತೋರಿಸಿದ್ದರು. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆಂದು 19 ಉಪನ್ಯಾಸ ಮಾಲೆಗಳನ್ನು ಕೊಟ್ಟರು. ಉರಿಯುವ ಒಂದು ಮೇಣದಬತ್ತಿಯಿಂದ ಹೊರಟು ದಹನ, ನೀರು, ಗಾಳಿ, ಉಸಿರಾಟದವರೆಗೆ ಸಾಗುವ ಮಾಲೆ 1861ರಲ್ಲಿ ಪುಸ್ತಕವಾಯಿತು. ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಎಂಬ ಬೋಧನಾ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

1867ರ ಆಗಸ್ಟ್ 25ರಂದು ಫ್ಯಾರಡೆ ತೀರಿಕೊಂಡರು. ಅವರ ಅಂತ್ಯಸಂಸ್ಕಾರ ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ ಆಡಂಬರವಿಲ್ಲದೆ ನಡೆಯಿತು.

ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಲ್ಲಿ ಹಲವರಿಗೆ ತಮ್ಮದೇ ಆದ ಧರ್ಮಶ್ರದ್ಧೆ ಇರುತ್ತದೆ. ತರಗತಿಯಲ್ಲಿ ಎಲ್ಲ ಮನೆಗಳ ಮಕ್ಕಳೂ ಕುಳಿತಿರುತ್ತಾರೆ. ಶ್ರದ್ಧೆಯನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕಿಲ್ಲ, ಮಕ್ಕಳ ಮೇಲೆ ಹೇರಬೇಕಾಗಿಯೂ ಇಲ್ಲ. ಪಾಠಕ್ಕೆ ಮಾಡಿಕೊಂಡ ಸಿದ್ಧತೆ, ಪ್ರಯೋಗ ಕೆಟ್ಟಾಗ ಕೆಟ್ಟಿತೆಂದು ಮಕ್ಕಳಿಗೆ ಹೇಳುವ ಪ್ರಾಮಾಣಿಕತೆ, ವೀಕ್ಷಕರು ತಿದ್ದಿದಾಗ ಕೇಳಿಸಿಕೊಳ್ಳುವ ವಿನಯ, ಇವುಗಳಲ್ಲಿ ಅದು ತಾನಾಗಿ ಕಾಣುತ್ತದೆ. ಫ್ಯಾರಡೆಯವರಲ್ಲಿ ಕಂಡದ್ದು ಹೀಗೆಯೇ.